ಒಳಸೇರಲೊಲ್ಲದ ಕೋಣೆ

ಅಮೆರಿಕದ ಹೆದ್ದಾರಿಗಳಲ್ಲಿ ಚಲಿಸುವ ವಾಹನದ ಅಗಲಕ್ಕೆ ಎಂಟೂವರೆ ಅಡಿಯ, ಎಂದರೆ 102 ಅಂಗುಲದ, ಮೇರೆಯೊಂದುಂಟು. ಸರಕು ಹೊರುವ ಲಾರಿಗೆ ಈ ಮೇರೆಯಿಂದ ಹೆಚ್ಚಿನ ಬಾಧೆಯಿಲ್ಲ. ಆದರೆ ಅಡುಗೆಯ ಒಲೆ, ಊಟದ ಮೇಜು, ಮಲಗುವ ಮಂಚ, ಸ್ನಾನದ ಮನೆ ಇಷ್ಟನ್ನೂ ಗಾಲಿಗಳ ಮೇಲೇರಿಸಿಕೊಂಡು ತಿಂಗಳುಗಟ್ಟಲೆ ದೇಶ ಸುತ್ತಬೇಕೆಂದು ಹೊರಟ ಸಂಸಾರಕ್ಕೆ, ಗೋಡೆಗಳ ದಪ್ಪವನ್ನು ಕಳೆದ ಮೇಲೆ ಉಳಿಯುವ ಅವಕಾಶವು, ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿದು ದಾರಿ ಬಿಡಬೇಕಾದಷ್ಟು ಇಕ್ಕಟ್ಟಿನದು. ಈ ಇಕ್ಕಟ್ಟಿಗೆ ಅಲ್ಲಿಯ ಯಂತ್ರಶಿಲ್ಪಿಗಳು ಕಂಡುಕೊಂಡ ಪರಿಹಾರವೇ ಸ್ಲೈಡ್‌ಔಟ್ ಎಂಬ ಹೊರಚಾಚುವ ಕೋಣೆ. ಬಂಡಿ ನಿಂತ ಬಳಿಕ ಗುಂಡಿಯೊಂದನ್ನು ಒತ್ತಿದರೆ, ಸೋಫಾ, ಮೇಜು, ಕಿಟಕಿಗಳ ಸಮೇತವಾಗಿ ಗೋಡೆಯ ಒಂದು ಭಾಗವೇ ಮೇಜಿನ ಸೆಳೆಖಾನೆಯಂತೆ ಹೊರಕ್ಕೆ ಸರಿದು ನಿಲ್ಲುತ್ತದೆ. ಹೊರಡುವಾಗ ಮತ್ತೆ ಒಳಸೇರುತ್ತದೆ. ಇಂಡಿಯಾನ ರಾಜ್ಯದ ನ್ಯಾಪನೀ ಎಂಬ ಸಣ್ಣ ಊರಿನ ನ್ಯೂಮಾರ್ ಸಂಸ್ಥೆಯವರು 1990ರಲ್ಲಿ ಇದನ್ನು ಮೊದಲಿಗೆ ಬಳಕೆಗೆ ತಂದರೆಂದು ಆ ಉದ್ಯಮದವರು ಸ್ಮರಿಸುತ್ತಾರೆ. ಅಲ್ಲಿಂದೀಚೆಗೆ ಈ ಏರ್ಪಾಡಿಲ್ಲದ ದೊಡ್ಡ ಮೋಟರ್‌ಹೋಮುಗಳೇ ವಿರಳವಾಗಿವೆ. ಚಲಿಸುವಾಗ ಸಂಕುಚಿತವಾಗಿರುವುದು, ನಿಂತಾಗ ವಿಸ್ತಾರಗೊಳ್ಳುವುದು, ಇವೆರಡೂ ಒಂದೇ ವಸತಿಯ ಧರ್ಮಗಳಾಗಿರುವುದು ನನಗೆ ಬಹಳ ರುಚಿಸಿದ ಸಂಗತಿ. ಆದರೆ ವಿಸ್ತಾರಗೊಂಡದ್ದು ಸಂಕುಚಿತವಾಗಲು ಒಪ್ಪದಿದ್ದರೆ ಪ್ರಯಾಣವೇ ನಿಂತುಹೋಗುತ್ತದೆ. ಎಂಟೂವರೆ ಅಡಿಯ ಮೇರೆಯನ್ನು ಮೂರಡಿ ಮೀರಿ ಚಾಚಿಕೊಂಡ ಮನೆಯನ್ನು ಹೆದ್ದಾರಿಗೆ ಒಯ್ಯುವಂತಿಲ್ಲವಷ್ಟೆ.

ಅರಿಜೋನ ರಾಜ್ಯದ ಫೀನಿಕ್ಸ್ ನಗರದಲ್ಲಿ ನೆಲಸಿರುವ ನನ್ನ ಮಗಳೂ ಅಳಿಯಂದಿರೂ, ಹಿಂದೊಬ್ಬರು ಬಳಸಿದ ಇಂತಹ ಮೋಟರ್‌ಹೋಮೊಂದನ್ನು ಕೊಂಡಿದ್ದರು. ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿಯೂ ಅವರಲ್ಲಿಗೆ ಹೋಗಿದ್ದಾಗ, ಹತ್ತನೆಯ ಅಂತರರಾಜ್ಯ ಹೆದ್ದಾರಿಯನ್ನು ಹಿಡಿದು ಪಶ್ಚಿಮಾಭಿಮುಖವಾಗಿ ಸುಮಾರು 125 ಮೈಲಿ ದೂರದ ಕ್ವಾರ್ಟ್‌ಸೈಟಿಗೆ ಹೊರಟೆವು. ದಾರಿಯುದ್ದಕ್ಕೂ ಸಗ್ವಾರೊ ಎಂಬ ಮಹಾಕಳ್ಳಿಗಳು ಏಕಾಂಗಿಗಳಾಗಿ ನಿಂತಿದ್ದವು. ನಲವತ್ತು ಅಡಿಯವರೆಗೂ ಬೆಳೆಯುವ ಈ ಕಳ್ಳಿಗೆ ಮೊದಲನೆಯ ತೋಳು ಮೂಡಲು ಅನೇಕವೇಳೆ ಐವತ್ತು ಎಪ್ಪತ್ತು ವರ್ಷಗಳೇ ಬೇಕಾಗುತ್ತವೆಂದು ಮಗಳು ಹೇಳಿದ ಮೇಲೆ, ಎರಡು ಮೂರು ತೋಳುಗಳುಳ್ಳ ಕಳ್ಳಿ ಕಂಡಾಗಲೆಲ್ಲ ನನಗೆ ಹಿರಿಯರನ್ನು ಕಂಡ ಭಾವವುಂಟಾಗುತ್ತಿತ್ತು.

ಪೂರ್ವಕ್ಕೆ ಪ್ಲೊಮೋಸ ಬೆಟ್ಟಗಳು, ಪಶ್ಚಿಮಕ್ಕೆ ಡೋಮ್ ರಾಕ್ ಬೆಟ್ಟಗಳು. ನಡುವಣ ಸಮತಟ್ಟಾದ ಜಲ್ಲಿಯ ಬಯಲಿನಲ್ಲಿ ಕ್ವಾರ್ಟ್‌ಸೈಟ್. ಬೇಸಗೆಯಲ್ಲಿ ಕೆಲವೇ ಸಾವಿರ ಜನರಿರುವ ಈ ಊರಿಗೆ, ಉತ್ತರದ ರಾಜ್ಯಗಳಲ್ಲೂ ಕೆನಡದಲ್ಲೂ ಹಿಮ ಬೀಳತೊಡಗಿದೊಡನೆ, ಮನೆಗಳನ್ನೇ ಓಡಿಸಿಕೊಂಡು ವೃದ್ಧರ ದಂಡು ಬಂದಿಳಿಯುತ್ತದೆ. ಸರ್ಕಾರದ ಭೂನಿರ್ವಹಣಾ ಇಲಾಖೆಯವರು 1983ರಿಂದ ಇಲ್ಲಿಯ ಲಾ ಪೋಸ ಎಂಬ ಹನ್ನೊಂದು ಸಾವಿರ ಎಕರೆಗೂ ಮಿಕ್ಕ ಮರುಭೂಮಿಯನ್ನು ದೀರ್ಘಕಾಲದ ಬಿಡಾರಕ್ಕಾಗಿ ಬಿಟ್ಟುಕೊಟ್ಟಿದ್ದಾರೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ತಂಗುವುದಕ್ಕೆ ನಾವು ಹೋದಾಗ 180 ಡಾಲರುಗಳ ಪರವಾನಗಿಯಿತ್ತು. ಬಿಡಾರಕ್ಕೆ ವಿದ್ಯುತ್ತಿನ ತಂತಿಯಿಲ್ಲ, ನಲ್ಲಿಯ ಸಂಪರ್ಕವಿಲ್ಲ. ಯಾರಿಗೆ ಎಲ್ಲಿ ಒಪ್ಪುವುದೋ ಅಲ್ಲಿ ಬಂಡಿ ನಿಲ್ಲಿಸಿ, ತಾವು ತಂದ ನೀರಿನಲ್ಲಿ, ತಮ್ಮ ಛಾವಣಿಯ ಸೌರಫಲಕಗಳು ಕೊಟ್ಟಷ್ಟು ಬೆಳಕಿನಲ್ಲಿ ಬಾಳುವುದು ಅಲ್ಲಿಯ ಪದ್ಧತಿ. ಸಂಪತ್ತಿನ ದೇಶದಲ್ಲಿ ಇಂತಹ ಮಿತಸಾಧನದ ಜೀವನವನ್ನು ಸ್ವೇಚ್ಛೆಯಿಂದ ಅಪ್ಪಿಕೊಂಡ ಅಷ್ಟೊಂದು ಜನರನ್ನು ನೋಡಿ ನನಗೆ ಸಂತೋಷವಾಯಿತು.

ಸಂಜೆಯ ವೇಳೆಗೆ ನಾವು ಸ್ಥಳ ಹಿಡಿದೆವು. ಅಳಿಯಂದಿರು ಮೊದಲು ಬಂಡಿಯ ಮೂಲೆಗಳಲ್ಲಿದ್ದ ಜ್ಯಾಕುಗಳನ್ನು ಇಳಿಸಿ ಅದನ್ನು ಸಮತಲಕ್ಕೆ ತಂದರು. ಓರೆಯಾಗಿ ನಿಂತ ಬಂಡಿಯಲ್ಲಿ ಕೋಣೆಯನ್ನು ಹೊರಡಿಸಿದರೆ ಅದರ ಭಾರವೆಲ್ಲ ಒಂದು ಕಡೆಯ ಹಳಿಯ ಮೇಲೆ ಬೀಳುವುದೆಂದೂ, ತಮ್ಮ ಬಂಡಿಯ ಕೈಪಿಡಿಯಲ್ಲಿ ಸಮತಲವೇ ಮೊದಲು, ಕೋಣೆ ಆಮೇಲೆ ಎಂದು ಹೇಳಿದೆಯೆಂದೂ, ಈ ಕ್ರಮವು ಎಲ್ಲ ಬಂಡಿಗಳಿಗೂ ಒಂದೇ ಅಲ್ಲವೆಂದೂ ವಿವರಿಸಿದರು. ಬಳಿಕ ಮಗಳು ಹೊರಗೆ ನಿಂತು ಗೋಡೆಗೆ ಅಡ್ಡವಾಗಿ ಕೊಂಬೆಯಾಗಲಿ ಕಲ್ಲಾಗಲಿ ಇಲ್ಲವೆಂದು ಕೂಗಿ ಹೇಳಿದಳು. ಅವರು ಗುಂಡಿ ಒತ್ತಿದರು. ನೆಲದಡಿಯಲ್ಲಿ, ಎಣ್ಣೆಯ ಒತ್ತಡದಿಂದ ಕೋಣೆಯನ್ನು ಸರಿಸುವ ಪಂಪು ಗುಂಯ್‌ಗುಟ್ಟಿತು. ನನ್ನ ಹೆಂಡತಿ ಕುಳಿತಿದ್ದ ಕುರ್ಚಿಯ ಎದುರಿನ ಗೋಡೆ ಮೆಲ್ಲಮೆಲ್ಲನೆ ದೂರ ಸರಿದು, ಇಕ್ಕಟ್ಟಾಗಿದ್ದ ಎಡೆಯು ನೋಡನೋಡುತ್ತ ಒಂದು ನಡುಮನೆಯೇ ಆಯಿತು. "ಇಲ್ಲಿ ಎಲೆ ಹಾಕಿ ಆರು ಜನಕ್ಕೆ ಬಡಿಸಬಹುದು" ಎಂದಳು ಆಕೆ. ಕಿಟಕಿಯಾಚೆ ಡೋಮ್ ರಾಕ್ ಬೆಟ್ಟಗಳ ಮೇಲೆ ಸೂರ್ಯಾಸ್ತದ ಕೆಂಪು ಬಹುಹೊತ್ತು ನಿಂತಿತ್ತು.

ಅಲ್ಲಿ ಕಳೆದ ದಿನಗಳ ವರ್ಣನೆಯನ್ನು ಬೆಳೆಸುವುದಿಲ್ಲ. ಹಗಲಿನ ಬಿಸಿಲು ಹಿತವಾಗಿತ್ತು. ರಾತ್ರಿಯ ಚಳಿ ಕಠಿನವಾಗಿತ್ತು. ಒಳಗನ್ನು ಬೆಚ್ಚಗಿಡುವ ಯಂತ್ರದ ಬೀಸಣಿಗೆ ರಾತ್ರಿಯೆಲ್ಲ ಬ್ಯಾಟರಿಯನ್ನು ಹೀರುತ್ತಿತ್ತು. ಕೊನೆಗೆ ದಕ್ಷಿಣದ ಯೂಮ ನಗರಕ್ಕೆ ಹೊರಡಲು ಗೊತ್ತುಮಾಡಿದ ಬೆಳಗ್ಗೆ, ಪಾತ್ರೆ ಪಡಗಗಳನ್ನೆಲ್ಲ ಕಟ್ಟಿಟ್ಟು ಅಳಿಯಂದಿರು ಗುಂಡಿ ಒತ್ತಿದಾಗ, ಪಂಪಿನ ಸದ್ದಿಗೆ ಬದಲಾಗಿ ಟಿಕ್ಕೆಂಬ ಶಬ್ದವೊಂದು ಮಾತ್ರ ಕೇಳಿಸಿತು. ಮತ್ತೆ ಒತ್ತಿದರು, ಮತ್ತೆ ಟಿಕ್ಕೆಂದಿತು. ಕೋಣೆ ಕದಲಲಿಲ್ಲ.

ನಮ್ಮ ಬಿಡಾರಕ್ಕೆ ತುಸುದೂರದಲ್ಲಿ ಅಯೋವಾ ರಾಜ್ಯದ ವೃದ್ಧ ದಂಪತಿಗಳು ಇಳಿದಿದ್ದರು. ಪತಿಯು ತಮ್ಮ ಆಯುಷ್ಯದ ಬಹುಭಾಗವನ್ನು ಬೇಸಾಯದ ಯಂತ್ರಗಳ ದುರಸ್ತಿಯಲ್ಲಿ ಕಳೆದವರು. ನಮ್ಮ ಬಾಗಿಲಿನ ಬಳಿ ಚಿಂತೆಯ ಸುಳಿವು ಕಂಡಿತೋ ಏನೋ, ಕೈಯಲ್ಲಿ ಕಾಫಿಯ ಲೋಟ ಹಿಡಿದುಕೊಂಡೇ ನಡೆದುಬಂದರು. ಅವರು ಕೇಳಿದ ಮೊದಲನೆಯ ಪ್ರಶ್ನೆ, ಏನಾಯಿತು ಎಂದಲ್ಲ. ಏನು ಕೇಳಿಸಿತು ಎಂದು. ಟಿಕ್ಕೆಂದಿತೆಂದು ಅಳಿಯಂದಿರು ಹೇಳಿದೊಡನೆ ಅವರ ಮುಖದಲ್ಲಿ ಸಮಾಧಾನ ಮೂಡಿತು. ಏನೂ ಕೇಳಿಸದಿದ್ದರೆ ಗುಂಡಿಯನ್ನೂ, ಫ್ಯೂಸನ್ನೂ, ನಿಲುಗಡೆಯ ಬ್ರೇಕು ಹಾಕದೆ ಕೋಣೆ ಚಲಿಸಕೂಡದೆಂದು ಇಟ್ಟಿರುವ ತಡೆಯನ್ನೂ ಪರೀಕ್ಷಿಸಬೇಕಾಗುತ್ತಿತ್ತು. ಟಿಕ್ಕೆಂದದ್ದರಿಂದ ಅಪ್ಪಣೆಯು ಪಂಪಿನ ಬಾಗಿಲವರೆಗೆ ಮುಟ್ಟಿದೆಯೆಂದೂ, ಅಲ್ಲಿಯ ಸಾಲೆನಾಯ್ಡ್ ಎಂಬ ವಿದ್ಯುತ್ ಸ್ವಿಚ್ಚು ತನ್ನ ಕೆಲಸಕ್ಕೆ ಕೈಯಿಟ್ಟಿದೆಯೆಂದೂ, ಮೋಟಾರನ್ನು ತಿರುಗಿಸುವಷ್ಟು ಶಕ್ತಿ ಮಾತ್ರ ಬರುತ್ತಿಲ್ಲವೆಂದೂ ಅರ್ಥ. ಪಂಪು ಓಡಿಯೂ ಕೋಣೆ ಕದಲದಿದ್ದರೆ ಶೋಧನೆಯ ದಾರಿಯೇ ಬೇರೆ: ಎಣ್ಣೆ, ವಾಲ್ವು, ಹಳಿ ಇವುಗಳ ಕಡೆಗೆ ಹೋಗಬೇಕು. ಹೀಗೆ ಒಂದೇ ಶಬ್ದದಿಂದ ಸಾಧ್ಯತೆಗಳ ಅರ್ಧವನ್ನು ಅವರು ತಳ್ಳಿಹಾಕಿದರು. ಒಳ್ಳೆಯ ವೈದ್ಯರು ನಾಡಿ ಹಿಡಿದು ಕುಳಿತಾಗ ರೋಗಿಯ ಮನೆಯವರಿಗೆ ಉಂಟಾಗುವ ಭರವಸೆ ಆಗ ನಮ್ಮೆಲ್ಲರಿಗೂ ಉಂಟಾಯಿತು.

"ಗುಂಡಿಯನ್ನು ಇನ್ನು ಒತ್ತಬೇಡಿ" ಎಂದು ಅವರು ಮೊದಲು ವಿಧಿಸಿದರು. ನಿಂತುಹೋದ ಕೋಣೆಯ ಗುಂಡಿಯನ್ನು ಹಟ ಹಿಡಿದು ಒತ್ತುವುದರಿಂದ ಸಾಲೆನಾಯ್ಡಿನ ಸಂಪರ್ಕಬಿಂದುಗಳು ಸುಟ್ಟುಹೋಗುವುದುಂಟು. ಯಾವುದೋ ಎಡೆಯಲ್ಲಿ ಕೋಣೆ ಸಿಕ್ಕಿಕೊಂಡಿದ್ದ ಪಕ್ಷದಲ್ಲಿ ಪಂಪಿನ ಬಲವೆಲ್ಲ ಆ ಒಂದು ಎಡೆಗೆ ಬಿದ್ದು ಗೋಡೆಯನ್ನೇ ಸೀಳುವುದೂ ಉಂಟು. ಅನಂತರ ಬ್ಯಾಟರಿಗಳ ಪೆಟ್ಟಿಗೆಯನ್ನು ತೆರೆಸಿ ಮೀಟರು ಹಿಡಿದರು. ಚೆನ್ನಾಗಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟನ್ನು ತೋರಿಸಬೇಕು, ನಮ್ಮದು 11.6ರಲ್ಲಿ ನಿಂತಿತ್ತು. ದೀಪಕ್ಕೂ ಬೀಸಣಿಗೆಗೂ ಅದು ಹೇಗೋ ಸಾಲುತ್ತದೆ. ನೂರು ಆಂಪಿಯರನ್ನೂ ಮೀರಿ ಎಳೆಯಬಲ್ಲ ಪಂಪಿಗೆ ಸಾಲದು. ಪಂಪಿನಿಂದ ಬಂಡಿಯ ಉಕ್ಕಿನ ಅಡ್ಡಪಟ್ಟಿಗೆ ಹೋಗಿದ್ದ ಅರ್ತ್ ತಂತಿಯ ಬುಡದಲ್ಲಿ ಬೂದುಬಣ್ಣದ ಕಿಲುಬು ಕಟ್ಟಿದ್ದುದನ್ನು ಅವರು ಬೆರಳಿನಿಂದ ತೋರಿಸಿದರು. ಬ್ಯಾಟರಿಯ ಸಂಬಂಧವನ್ನು ಬಿಡಿಸಿ, ಆ ನಟ್ಟನ್ನು ಕಳಚಿ, ಲೋಹ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿಯುವ ಕೆಲಸ ಅಳಿಯಂದಿರಿಗೆ ಬಂದಿತು. ವೃತ್ತಿಯಿಂದ ಗಣಕಯಂತ್ರಗಳ ನಡುವೆ ಇರುವ ಅವರು ಜಲ್ಲಿಯ ಮೇಲೆ ಅಂಗಾತ ಮಲಗಿ, ತಾಳ್ಮೆಯಿಂದ ಆ ಕೆಲಸವನ್ನು ಮುಗಿಸಿದ್ದನ್ನು ನಾನು ಅಭಿಮಾನದಿಂದ ನೋಡಿದೆನು.

ಆ ಸಮಯದಲ್ಲಿಯೇ ಅವರ ಕಣ್ಣಿಗೆ ಇನ್ನೊಂದು ಬಿದ್ದಿತು. ಉಕ್ಕಿನ ತೊಲೆಯ ಅಂಚಿನಲ್ಲಿ ಕೆಂಪಗೆ ಏನೋ ಮಿನುಗುತ್ತಿದೆಯೆಂದು ಅಡಿಯಿಂದಲೇ ಕೂಗಿದರು. ಆಟೊಮ್ಯಾಟಿಕ್ ಗೇರುಪೆಟ್ಟಿಗೆಗೆ ಹಾಕುವ ಕೆಂಪೆಣ್ಣೆಯನ್ನೇ ಇಂತಹ ಅನೇಕ ಬಂಡಿಗಳಲ್ಲಿ ಕೋಣೆಯನ್ನು ಸರಿಸುವುದಕ್ಕೂ ಬಳಸುತ್ತಾರೆ. ಆ ಬಣ್ಣದ ದೆಸೆಯಿಂದ ಸೋರಿಕೆ ಬೇಗ ಪತ್ತೆಯಾಗುತ್ತದೆ. ವೃದ್ಧರು ತಲೆದೂಗಿದರು. "ಒಂದು ಕಾಯಿಲೆಗೆ ಬಂದೆವು, ಎರಡು ಸಿಕ್ಕಿದವು. ಜನರೇಟರು ಓಡಲಿ, ಬ್ಯಾಟರಿ ತುಂಬಲಿ. ನೀವು ಊರಿಗೆ ಹೋಗಿ ಕೈಪಿಡಿಯಲ್ಲಿ ಹೇಳಿರುವ ಎಣ್ಣೆಯನ್ನೇ ಕೇಳಿ ತನ್ನಿ" ಎಂದರು.

ಮೋಟರ್‌ಹೋಮಿನ ಹಿಂದೆ ಕಟ್ಟಿ ಎಳೆದು ತಂದಿದ್ದ ಚಿಕ್ಕ ಕಾರಿನಲ್ಲಿ ನಾನೂ ಮಗಳೂ ಊರಿಗೆ ಹೋದೆವು. ಎಣ್ಣೆ ಕೊಂಡಾದ ಮೇಲೆ ಅವಳು ನನ್ನನ್ನು ಅಲ್ಲಿಯ ಶ್ಮಶಾನಕ್ಕೆ ಕರೆದೊಯ್ದಳು. ಕಲ್ಲುಗಳಿಂದ ಕಟ್ಟಿದ ಸಣ್ಣದೊಂದು ಪಿರಮಿಡ್ಡು; ಅದರ ತುದಿಯಲ್ಲಿ ತಾಮ್ರದ ಒಂಟೆ. 1902ರಲ್ಲಿ ತೀರಿಕೊಂಡ ಹಾಜಿ ಅಲಿಯ ಸ್ಮಾರಕವದು. ಅರಿಜೋನ ರಾಜ್ಯದ ಹೆದ್ದಾರಿ ಇಲಾಖೆ 1935ರಲ್ಲಿ ಕಟ್ಟಿಸಿದ್ದು. 1850ರ ದಶಕದಲ್ಲಿ ಅಮೆರಿಕದ ಸೈನ್ಯವು ಈ ನೈರುತ್ಯ ಮರುಭೂಮಿಯಲ್ಲಿ ಸಾಮಾನು ಸಾಗಿಸುವುದಕ್ಕೆ ಪಶ್ಚಿಮ ಏಷ್ಯದಿಂದ ಒಂಟೆಗಳನ್ನು ತರಿಸಿತು. ಅವುಗಳನ್ನು ನೋಡಿಕೊಳ್ಳಲು ಬಂದ ಕೆಲವರಲ್ಲಿ ಈತನೊಬ್ಬ. ಒಂಟೆಗಳಲ್ಲಿ ದೋಷವಿರಲಿಲ್ಲ; ಹೇಸರಗತ್ತೆಗಳು ಹೊರಲಾರದ ಭಾರವನ್ನು ಹೊತ್ತು, ನೀರಿಲ್ಲದ ದಾರಿಯನ್ನು ನಡೆದು ಅವು ಯೋಗ್ಯತೆಯನ್ನು ತೋರಿಸಿದುವು. ಆದರೆ ಹೇಸರಗತ್ತೆಗಳೊಡನೆ ಬೆಳೆದ ಸಿಪಾಯಿಗಳಿಗೆ ಒಂಟೆಯ ಸ್ವಭಾವ ತಿಳಿಯದು. ಅದು ಮುನಿಯುವ ಕಾರಣ ತಿಳಿಯದು. ಅದನ್ನು ಕಲಿಯುವ ಮನಸ್ಸೂ ಬಹುಮಂದಿಗೆ ಇರಲಿಲ್ಲ. ಅಂತರ್ಯುದ್ಧ ತಲೆಯೆತ್ತಿದ ಮೇಲೆ ಆ ಪ್ರಯೋಗವು ಕೈಬಿಟ್ಟುಹೋಗಿ, ಒಂಟೆಗಳಲ್ಲಿ ಕೆಲವು ಹರಾಜಾದುವು, ಕೆಲವು ಮರುಭೂಮಿಯ ಪಾಲಾದುವು. ಆ ತಾಮ್ರದ ಒಂಟೆಯ ಮುಂದೆ ನಿಂತಾಗ ನನ್ನ ಮನಸ್ಸು ಬಯಲಿನಲ್ಲಿ ನಿಂತ ನಮ್ಮ ಬಂಡಿಯ ಕಡೆಗೇ ಹೋಗುತ್ತಿತ್ತು. ಒಂದನ್ನು ಹಣ ಕೊಟ್ಟು ತರಿಸಿಕೊಳ್ಳುವುದು ಸುಲಭ. ಅದರ ಒಳಮರ್ಮವನ್ನು ಬಲ್ಲವರು ಜೊತೆಯಲ್ಲಿ ಇಲ್ಲದಿದ್ದರೆ ಅದರ ಶಕ್ತಿಯೇ ನಮಗೆ ತೊಡಕಾಗಿ ನಿಲ್ಲುತ್ತದೆ. ಅಂಗಡಿಗಳಲ್ಲಿ ಈ ಬಂಡಿಗಳನ್ನು ತೋರಿಸುವವರು, ಕೋಣೆ ಗುಂಡಿಯ ಸ್ಪರ್ಶಮಾತ್ರದಿಂದ ತೆರೆಯುವ ವೈಭವವನ್ನು ತೋರಿಸುತ್ತಾರೆ. ಶಕ್ತಿ ಉಡುಗಿದ ಹೊತ್ತಿನಲ್ಲಿ ಅದನ್ನು ಕೈಯಿಂದ ಮುಚ್ಚುವ ಬಗೆಯನ್ನು ತೋರಿಸಿಕೊಡದೆ ಬಂಡಿಯನ್ನು ಒಪ್ಪಿಸಕೂಡದೆಂದು ನಾನು ದೃಢವಾಗಿ ನಂಬುತ್ತೇನೆ.

ನಾವು ಹಿಂದಿರುಗಿದಾಗ ವೃದ್ಧರು ಮಡಿಸುವ ಕುರ್ಚಿಯಲ್ಲಿ ಕುಳಿತು ಅಳಿಯಂದಿರಿಗೆ ದ್ರವಬಲದ ತತ್ತ್ವವನ್ನು ಹೇಳುತ್ತಿದ್ದರು. ನಾನು ಕಾಲೇಜಿನ ದಿನಗಳಲ್ಲಿ ಪಠ್ಯವಾಗಿ ಓದಿ ಮರೆತಿದ್ದುದು ಅಲ್ಲಿ ಸಜೀವವಾಗಿ ಮುಂದೆ ನಿಂತಿತು. ಮುಚ್ಚಿದ ಪಾತ್ರೆಯ ದ್ರವದಲ್ಲಿ ಒಂದೆಡೆ ಪ್ರಯೋಗಿಸಿದ ಒತ್ತಡವು ಕುಂದಿಲ್ಲದೆ ಎಲ್ಲ ಕಡೆಗೂ ಹರಡುತ್ತದೆಂದು ಫ್ರಾನ್ಸಿನ ಪಾಸ್ಕಲ್ ಬರೆದ ಗ್ರಂಥವು, ಆತ ತೀರಿಕೊಂಡ ಮರುವರ್ಷ, 1663ರಲ್ಲಿ, ಪ್ರಕಟವಾಯಿತು. ಅದನ್ನು ಯಂತ್ರವಾಗಿಸಿದವನು ಲಂಡನ್ನಿನಲ್ಲಿ ಬೀಗಗಳಿಗೆ ಹೆಸರಾಗಿದ್ದ ಜೋಸೆಫ್ ಬ್ರಾಮಾ. ಅವನ ದ್ರವಚಾಲಿತ ಒತ್ತುಯಂತ್ರಕ್ಕೆ ಪೇಟೆಂಟು ದೊರೆತದ್ದು 1795ರಲ್ಲಿ. ತತ್ತ್ವ ಸರಿಯಾಗಿದ್ದರೂ ಆ ಯಂತ್ರವನ್ನು ಮೊದಮೊದಲು ಕಾಡಿದ್ದು ಪಿಸ್ಟನ್ನಿನ ಸುತ್ತಣ ಸೋರಿಕೆ. ಒತ್ತಡ ಹೆಚ್ಚಿದಷ್ಟೂ ತಾನೇ ಬಿಗಿಗೊಳ್ಳುವ ತೊಗಲಿನ ವಾಷರನ್ನು ಹಾಕಿ ಅದನ್ನು ನಿವಾರಿಸಿದ ಕೀರ್ತಿ, ಬ್ರಾಮಾನ ಕಾರ್ಯಾಗಾರದಲ್ಲಿದ್ದ ಹೆನ್ರಿ ಮಾಡ್ಸ್‌ಲೇ ಎಂಬ ತರುಣ ಕುಶಲಿಗೆ ಸಲ್ಲುತ್ತದೆ. ನಮ್ಮ ರಸ್ತೆಗಳಲ್ಲಿ ಮಣ್ಣು ಬಗೆಯುವ ಜೆಸಿಬಿಯ ತೋಳಿನಲ್ಲಿಯೂ, ಜಲ್ಲಿ ಸುರಿಯುವ ಟಿಪ್ಪರಿನ ಬೆನ್ನಿನಲ್ಲಿಯೂ ದುಡಿಯುತ್ತಿರುವುದು ಇದೇ ತತ್ತ್ವ. ಎರಡು ಅಂಗುಲ ವ್ಯಾಸದ ಪಿಸ್ಟನ್ನಿನ ಮೇಲೆ ಚದರ ಅಂಗುಲಕ್ಕೆ 2000 ಪೌಂಡಿನ ಒತ್ತಡ ಬಿದ್ದರೆ, ತಳ್ಳುವ ಬಲ 6000 ಪೌಂಡಿಗೂ ಹೆಚ್ಚು, ಎಂದರೆ ಸುಮಾರು 2800 ಕಿಲೋಗ್ರಾಮು. ಸೋಫಾ, ಒಲೆ, ಕಪಾಟುಗಳ ಸಹಿತವಾದ ಕೋಣೆಯು ತುಟಿಪಿಟಕ್ಕೆನ್ನದೆ ಸರಿಯುವುದಕ್ಕೆ ಇದೇ ಕಾರಣ. ಈ ಬಲಕ್ಕೆ ಕುರುಡುತನವೂ ಉಂಟು: ಎದುರಿಗಿರುವುದು ಮರಳಿನ ಹರಳೋ ಮನುಷ್ಯನ ಕೈಯೋ ಎಂದು ಅದು ನೋಡುವುದಿಲ್ಲ. ಆದುದರಿಂದ ಕೋಣೆ ಚಲಿಸುವಾಗ ಅದರ ಕೆಳಗಾಗಲಿ, ಅದಕ್ಕೂ ಗೋಡೆಗೂ ನಡುವೆಯಾಗಲಿ ಯಾರೂ ಇರತಕ್ಕದ್ದಲ್ಲ.

ಸೋರಿಕೆಯ ಮೂಲವನ್ನು ಹುಡುಕುವ ಬಗೆಯಲ್ಲಿಯೂ ವೃದ್ಧರು ಅದೇ ಎಚ್ಚರವನ್ನು ಬೋಧಿಸಿದರು. ಸೂಜಿಯ ಮೊನೆಯಷ್ಟು ರಂಧ್ರದಿಂದ ಅಷ್ಟು ಒತ್ತಡದಲ್ಲಿ ಚಿಮ್ಮುವ ಎಣ್ಣೆಯು ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ಮೇಲೆ ಕಾಣುವುದು ಒಂದು ಚುಕ್ಕೆ, ಒಳಗಾಗುವುದು ಶಸ್ತ್ರಚಿಕಿತ್ಸೆಯಿಲ್ಲದೆ ವಾಸಿಯಾಗದ ಗಾಯ. ಹೊಲದ ಯಂತ್ರಗಳ ನಡುವೆ ಅಂತಹ ಗಾಯದಿಂದ ಬೆರಳು ಕಳೆದುಕೊಂಡವರನ್ನು ತಾವು ಬಲ್ಲೆವೆಂದು ಅವರು ಹೇಳಿದಾಗ ದನಿ ತಗ್ಗಿತು. ಎಣ್ಣೆ ಹರಿಯುವ ಹೋಸಿನ ಮೇಲೆ ಬರಿಗೈ ಆಡಿಸಿ ತೇವವನ್ನು ಹುಡುಕಬಾರದು. ಅವರು ಮಾಡಿಸಿದ್ದಿಷ್ಟು: ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ, ಶಂಕೆಯಿದ್ದ ಹೋಸುಗಳ ಕೆಳಗೆ ಹಾಸಿ, ಎಲ್ಲರೂ ದೂರ ಸರಿದ ಮೇಲೆ ಕ್ಷಣಮಾತ್ರ ಪಂಪನ್ನು ಓಡಿಸಿ ನಿಲ್ಲಿಸುವುದು.

ಈ ಸಲ ಪಂಪು ತಿರುಗಿತು. ಬ್ಯಾಟರಿಯ ದೋಷವೂ ಅರ್ತಿನ ದೋಷವೂ ಕಳೆದವೆಂದು ನಾವು ಹಿಗ್ಗುವಷ್ಟರಲ್ಲಿ, ಅದರ ದನಿಯಲ್ಲಿ ಹಿಂದೆಂದೂ ಇರದಿದ್ದ ಕೀರಲು ಸೇರಿಕೊಂಡಿದ್ದುದು ಕೇಳಿಸಿತು. ಕೋಣೆಯ ಹಿಂದಣ ತುದಿ ಗೇಣುದ್ದ ಒಳಕ್ಕೆ ಬಂದಿತು. ಮುಂದಣ ತುದಿ ಅದಕ್ಕೆ ಸಮನಾಗಿ ಬರಲಿಲ್ಲ. "ಸಾಕು" ಎಂದು ವೃದ್ಧರು ಕೈಯೆತ್ತಿದರು. ಎಣ್ಣೆ ಕಡಿಮೆಯಾಗಿ ಪಂಪು ಗಾಳಿಯನ್ನು ಎಳೆಯುತ್ತಿದೆ. ಎಣ್ಣೆ ಕುಗ್ಗದು, ಗಾಳಿ ಕುಗ್ಗುತ್ತದೆ. ಗಾಳಿ ಹೊಕ್ಕ ಸಿಲಿಂಡರು ಬಲವನ್ನು ತನ್ನಲ್ಲಿಯೇ ನುಂಗಿಕೊಂಡು ಹಿಂದೆ ಬೀಳುತ್ತದೆ. ಸೊಟ್ಟಗೆ ತಿರುಗಿದ ಕೋಣೆಯನ್ನು ಹಾಗೆಯೇ ಎಳೆದರೆ ಹಳಿಯ ಹಲ್ಲುಗಳು ಜಾರಿ, ಬಳಿಕ ಅದನ್ನು ನೇರಗೊಳಿಸುವುದು ಕಾರ್ಯಾಗಾರದವರಿಗೂ ಕಷ್ಟವಾಗುವುದು. ರಟ್ಟನ್ನು ಎಳೆದು ನೋಡಿದರೆ, ಅದರ ಮೇಲೆ ಸಣ್ಣ ಸಣ್ಣ ಕೆಂಪು ಹನಿಗಳು ಒಂದೇ ಗೆರೆಯಲ್ಲಿ ಬಿದ್ದಿದ್ದುವು. ಅವುಗಳ ಮೇಲ್ಗಡೆ, ತೊಲೆಯ ಹರಿತವಾದ ಅಂಚಿಗೆ ತಾಗಿ ವರ್ಷಾನುವರ್ಷ ಉಜ್ಜಿ ಉಜ್ಜಿ ಸವೆದ ಹೋಸಿನ ಹೊಟ್ಟೆ ಕಾಣಿಸಿತು. ಹೋಸನ್ನು ಕಟ್ಟುವ ಪಟ್ಟಿಯೊಂದು ಎಂದೋ ಕಳಚಿ ಬಿದ್ದುದೇ ಇಷ್ಟಕ್ಕೆಲ್ಲ ಮೂಲ.

ಇಲ್ಲಿ ಎಣ್ಣೆ ತುಂಬುವುದರಲ್ಲಿಯೂ ಒಂದು ಸೂಕ್ಷ್ಮವಿತ್ತು. ವಿಷಯವನ್ನು ಬಲ್ಲವರ ಬಾಯಿಂದ ಕೇಳಿದ್ದರಿಂದ ಅದನ್ನು ಬರೆದಿಡುತ್ತೇನೆ. ಕೋಣೆ ಹೊರಗಿರುವಾಗ ತೊಟ್ಟಿಯ ಎಣ್ಣೆಯಲ್ಲಿ ಬಹಳಷ್ಟು ಸಿಲಿಂಡರುಗಳಲ್ಲಿ ನಿಂತಿರುತ್ತದೆ. ಆಗ ತೊಟ್ಟಿ ಬರಿದಾಗಿ ಕಾಣುವುದು ಸಹಜ. ಅದನ್ನು ಕಂಡು ಗುರುತಿನವರೆಗೆ ತುಂಬಿಬಿಟ್ಟರೆ, ಕೋಣೆ ಒಳಬಂದಾಗ ಹಿಂದಿರುಗುವ ಎಣ್ಣೆಗೆ ಎಡೆಯಿಲ್ಲದೆ ತೊಟ್ಟಿ ಉಕ್ಕಿಹರಿಯುತ್ತದೆ. ಆದಕಾರಣ ಕೋಣೆಗಳೂ ಜ್ಯಾಕುಗಳೂ ಎಲ್ಲ ಒಳಸೇರಿದ ಸ್ಥಿತಿಯಲ್ಲಿಯೇ ಮಟ್ಟವನ್ನು ಅಳೆಯಬೇಕು. ನಮ್ಮದು ಒಳಸೇರಲೊಲ್ಲದ ಕೋಣೆಯಾದ್ದರಿಂದ, ಪಂಪಿನ ಹೀರುಗೊಳವೆ ಮುಳುಗುವಷ್ಟನ್ನು ಮಾತ್ರ ಮೊದಲು ಸುರಿದರು. ಸ್ವಲ್ಪ ಹೊತ್ತು ಬಿಟ್ಟು, ನೊರೆ ಅಡಗಿದ ಮೇಲೆ, ಮೊದಲು ಕೋಣೆಯನ್ನು ಪೂರ್ತಿಯಾಗಿ ಹೊರಕ್ಕೆ ಕಳಿಸಿ ಎರಡು ತುದಿಗಳನ್ನೂ ಸಮಮಾಡಿಕೊಂಡರು. ಬಳಿಕ ಅಳಿಯಂದಿರು ಒಳಗೆ ಗುಂಡಿಯ ಬಳಿ, ಮಗಳು ಹೊರಗೆ ಮುಂದಣ ಮೂಲೆಗೆ ನೇರವಾಗಿ ದೂರದಲ್ಲಿ, ವೃದ್ಧರು ಹಿಂದಣ ಮೂಲೆಗೆ ನೇರವಾಗಿ. ಕೀರಲು ಇಳಿಯಿತು, ಗುಂಯ್‌ಕಾರ ಮರಳಿತು. "ಮುಂದಿನದು ಬರುತ್ತಿದೆ, ಬರುತ್ತಿದೆ" ಎಂದು ಮಗಳು ಕನ್ನಡದಲ್ಲಿಯೂ, "ಹಿಂದಿನದೂ ಬರುತ್ತಿದೆ" ಎಂದು ವೃದ್ಧರು ತಮ್ಮ ಭಾಷೆಯಲ್ಲಿಯೂ ಕೂಗುತ್ತಿರಲು, ಆ ದೊಡ್ಡ ಕೋಣೆಯು ಗಾಂಭೀರ್ಯದಿಂದ ಒಳಸರಿದು, ಸುತ್ತಣ ರಬ್ಬರಿನ ಅಂಚಿಗೆ ಒತ್ತಿ ನಿಂತಿತು. ನನ್ನ ಹೆಂಡತಿ ಕೈಜೋಡಿಸಿದಳು.

ಆದರೂ ಕೆಲಸ ಮುಗಿದಿರಲಿಲ್ಲ. ಸವೆದ ಹೋಸಿಗೆ ಬಟ್ಟೆಯನ್ನೋ ಅಂಟುಪಟ್ಟಿಯನ್ನೋ ಸುತ್ತಿದರೆ ಅದು ಆ ಒತ್ತಡವನ್ನು ತಡೆಯಲಾರದು, ಬದಲಾಯಿಸಲೇಬೇಕು. ಎಣ್ಣೆಯ ಹಿಡಿತ ಸಡಿಲವಾಗಿರುವಾಗ ದಾರಿಯ ಕುಲುಕಾಟಕ್ಕೆ ಕೋಣೆ ತಾನಾಗಿ ಹೊರಕ್ಕೆ ಇಣುಕುವ ಭಯವೂ ಉಂಟು. ಅದಕ್ಕೆಂದೇ ಬಂಡಿಯೊಡನೆ ಬಂದು, ಯಾವುದೋ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಅಡ್ಡಗಂಬಿಗಳನ್ನು ವೃದ್ಧರು ಹುಡುಕಿಸಿ ತೆಗೆಸಿ, ಕೋಣೆಯ ಎರಡು ಪಕ್ಕಗಳಿಗೂ ಬಿಗಿಸಿದರು. ರಬ್ಬರಿನ ಅಂಚು ಅರಿಜೋನದ ಬಿಸಿಲಿಗೆ ಸೀಳತೊಡಗಿದ್ದುದನ್ನೂ ತೋರಿಸಿ, ಅದರ ಮೂಲಕ ಮಳೆನೀರು ಇಳಿದರೆ ಕೋಣೆಯ ನೆಲದ ಹಲಗೆ ಕೊಳೆತು, ಆಗ ಉರುಳೆಗಳು ಹಲಗೆಯಲ್ಲಿ ಹೂತು ಇದಕ್ಕಿಂತ ದೊಡ್ಡ ವಿಪತ್ತಾಗುವುದೆಂದು ಎಚ್ಚರಿಸಿದರು. ಅಳಿಯಂದಿರು ಏನಾದರೂ ಕೊಡಬೇಕೆಂದು ಹಿಂಜರಿಯುತ್ತ ಕೇಳಿದಾಗ, ಯೂಮದ ಕಾರ್ಯಾಗಾರದಲ್ಲಿ ಉಳಿದ ಹೋಸುಗಳನ್ನೂ ತೋರಿಸುವುದಾಗಿ ಮಾತು ಕೊಟ್ಟರೆ ಸಾಕೆಂದರು.

ಯೂಮಕ್ಕೆ ದಕ್ಷಿಣಾಭಿಮುಖವಾಗಿ 80 ಮೈಲಿ. ಕೋಫ ಬೆಟ್ಟಗಳ ಗರಗಸದಂತಹ ಅಂಚು ಎಡಕ್ಕೆ ಬಹುದೂರ ಜೊತೆಗೂಡಿ ಬಂದಿತು. ನಗರದ ಹೋಸಿನ ಅಂಗಡಿಯವರು ಹಳೆಯದನ್ನು ಬಿಚ್ಚಿ, ಅದೇ ಅಳತೆಗೆ ಹೊಸದನ್ನು ಕತ್ತರಿಸಿ, ಎರಡು ತುದಿಗಳಿಗೂ ಫಿಟ್ಟಿಂಗುಗಳನ್ನು ಯಂತ್ರದಲ್ಲಿ ಒತ್ತಿ ಕೂರಿಸಿಕೊಟ್ಟರು. ಅಳಿಯಂದಿರು ಮಾತನ್ನು ನಡೆಸಿದರು. ಉಳಿದವನ್ನು ಪರೀಕ್ಷಿಸಿದಾಗ ಅದೇ ತೊಲೆಯ ಅಂಚಿಗೆ ತಾಗುತ್ತಿದ್ದ ಇನ್ನೊಂದು ಹೋಸೂ ಮೇಲ್ಪದರ ಕಳೆದುಕೊಂಡಿದ್ದುದು ಕಂಡು, ಅದನ್ನೂ ಬದಲಿಸಿ, ಎರಡನ್ನೂ ತೊಲೆಗೆ ತಾಗದಂತೆ ಹೊಸ ಪಟ್ಟಿಗಳಿಂದ ಕಟ್ಟಿಸಿದ್ದಾಯಿತು. ಕೋಣೆಯನ್ನು ಪೂರ್ತಿ ಹೊರಕ್ಕೂ ಪೂರ್ತಿ ಒಳಕ್ಕೂ ಹಲವು ಸಲ ಆಡಿಸಿ ಗಾಳಿಯನ್ನು ತೊಟ್ಟಿಗೆ ಬಿಡಿಸಿದರು. ಎಲ್ಲವೂ ಒಳಸೇರಿದ ಮೇಲೆ ಎಣ್ಣೆಯನ್ನು ಗುರುತಿಗೆ ತಂದರು.

ಹಣ ಸಲ್ಲಿಸಿ ಹೊರಡುವ ಹೊತ್ತಿಗೆ ಮಗಳು ಅಲ್ಲಿಯ ಕೆಲಸಗಾರನನ್ನು ತಡೆದು, ಮೋಟಾರು ಕೆಟ್ಟಾಗ ಕೋಣೆಯನ್ನು ಮುಚ್ಚುವುದು ಹೇಗೆಂದು ತೋರಿಸಿಕೊಡಬೇಕೆಂದು ಕೇಳಿಕೊಂಡಳು. ಬೇರೆ ಬೇರೆ ಬಂಡಿಗಳಲ್ಲಿ ಬೇರೆ ಬೇರೆ ಉಪಾಯಗಳಿವೆಯಂತೆ. ಕೆಲವಕ್ಕೆ ಕೈಪಂಪು, ಕೆಲವಕ್ಕೆ ತಿರುಗುಹಿಡಿ. ನಮ್ಮದರಲ್ಲಿ ಪಂಪಿನ ಮೋಟಾರಿನ ತಲೆಯ ಮೇಲಣ ಸಣ್ಣ ಮುಚ್ಚಳವನ್ನು ತೆಗೆದರೆ, ಬ್ಯಾಟರಿಯಿಂದ ನಡೆಯುವ ಕೈಡ್ರಿಲ್ಲಿನ ತುದಿ ಕೂರುವ ಷಡ್ಭುಜದ ಕುಳಿಯೊಂದು ಇತ್ತು. ವಾಲ್ವನ್ನು ಕೈಯಿಂದ ತಿರುಗಿಸಿಟ್ಟು, ಡ್ರಿಲ್ಲಿನಿಂದ ಪಂಪನ್ನು ತಿರುಗಿಸಬೇಕು. ಅವಳು ಜಲ್ಲಿಯ ಮೇಲೆ ಮೊಣಕಾಲೂರಿ ಕುಳಿತು, ಕೋಣೆ ಅಂಗುಲ ಅಂಗುಲವಾಗಿ ಒಳಬರುವುದನ್ನು ಕೊನೆಯವರೆಗೂ ತಾನೇ ನಡೆಸಿದಳು. ಆಮೇಲೆ ಅಳಿಯಂದಿರಿಂದಲೂ ಒಮ್ಮೆ ಮಾಡಿಸಿದಳು. ಆ ಕ್ರಮವನ್ನು ಕನ್ನಡದಲ್ಲಿಯೇ ಒಂದು ಹಾಳೆಯ ಮೇಲೆ ಬರೆದು, ಪಂಪಿರುವ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿ, ಡ್ರಿಲ್ಲಿಗೆ ತಕ್ಕ ತುದಿಯನ್ನು ಅಲ್ಲಿಯೇ ತೂಗುಹಾಕಿದಳು. ಎಣ್ಣೆಯ ಒಂದು ಡಬ್ಬವನ್ನೂ, ಮಡಿಸಿದ ರಟ್ಟೊಂದನ್ನೂ ಅದರ ಪಕ್ಕದಲ್ಲಿ ಇರಿಸಿದ ಮೇಲೆ ನಾವು ಮುಂದಿನ ಊರಿಗೆ ಹೊರಟೆವು.